ಅಂಗನವಾಡಿ ಭೇಟಿ: ಏನು ನೋಡಬೇಕು, ಏನು ಎಣಿಸಬೇಕು, ಏನು ಹೇಳಬೇಕು

ಯಾವುದಾದರೂ ಅಂಗನವಾಡಿಯ ಭೇಟಿ ಪುಸ್ತಕ ತೆಗೆದು ಹಿಂದಿನ ಹತ್ತು ಪುಟ ಓದಿ ನೋಡಿ. "ಕೇಂದ್ರಕ್ಕೆ ಭೇಟಿ ನೀಡಲಾಯಿತು. 14 ಮಕ್ಕಳು ಹಾಜರಿದ್ದರು. ದಾಖಲೆಗಳನ್ನು ಪರಿಶೀಲಿಸಲಾಯಿತು. ಸ್ವಚ್ಛತೆ ಕಾಪಾಡಲು ಹಾಗೂ ಶಾಲಾಪೂರ್ವ ಶಿಕ್ಷಣವನ್ನು ಉತ್ತಮವಾಗಿ ನಡೆಸಲು ಸೂಚಿಸಲಾಯಿತು." ಕೆಳಗೊಂದು ಸಹಿ, ತಾರೀಖು. ತಿಂಗಳು ಬದಲಾಗುತ್ತದೆ, ಮೇಲ್ವಿಚಾರಕಿಯೂ ಬದಲಾಗುತ್ತಾರೆ, ಒಕ್ಕಣೆ ಮಾತ್ರ ಹಾಗೇ ಇರುತ್ತದೆ. "ಉತ್ತಮವಾಗಿ" ಅಂದರೆ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಜಮಖಾನದ ಮೇಲೆ ಏನು ಬೇರೆ ಮಾಡಬೇಕು? ಅದನ್ನು ಓದಿದ ಟೀಚರಿಗೆ, ಅಂದರೆ ಅಂಗನವಾಡಿ ಕಾರ್ಯಕರ್ತೆಗೆ, ಗೊತ್ತಾಗುವುದಿಲ್ಲ. ಬರೆದವರಿಗೂ ಗೊತ್ತಿರುತ್ತದೆ ಅನ್ನುವ ಹಾಗಿಲ್ಲ.

ಇದಕ್ಕೆ ಮೇಲ್ವಿಚಾರಕಿಯರನ್ನು ದೂರಿ ಪ್ರಯೋಜನವಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ, ನಮ್ಮ ರಾಜ್ಯದ ಮಟ್ಟಿಗೆ ಟಿ. ನರಸೀಪುರದಲ್ಲಿ, ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಶುರುವಾದಾಗಿನಿಂದ ಅಂಗನವಾಡಿಯ ಮೇಲೆ ಆರು ಸೇವೆಗಳ ಹೊಣೆ ಇದೆ: ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಮೇಲಿನ ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆರೋಗ್ಯ–ಪೌಷ್ಟಿಕತೆಯ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ. ಮೊದಲ ಐದಕ್ಕೂ ಲೆಕ್ಕವಿದೆ. ಮೊಟ್ಟೆ ಎಣಿಸಬಹುದು, ತೂಕಕ್ಕೆ ಗ್ರಾಂ ಇದೆ, ಚುಚ್ಚುಮದ್ದಿಗೆ ತಾರೀಖಿದೆ, ಎಲ್ಲವೂ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪಿಗೆ ಹೋಗುತ್ತವೆ. ಆರನೆಯದಕ್ಕೆ ಹಾಜರಿ ಬಿಟ್ಟರೆ ಲೆಕ್ಕವೇ ಇಲ್ಲ. ಲೆಕ್ಕವಿಲ್ಲದ್ದು ಭೇಟಿಯಲ್ಲಿ "ಸೂಚಿಸಲಾಯಿತು" ಎಂಬ ಒಂದು ಪದಕ್ಕೆ ಇಳಿಯುತ್ತದೆ.

ಹಾಗಾಗಿ ಈ ಬರಹದ ವಾದ ಇಷ್ಟು: ಕಲಿಸುವುದನ್ನೂ ಎಣಿಸಬಹುದು. ಆ ಎಣಿಕೆಯನ್ನು ಟೀಚರ್ ಮುಂದಿಟ್ಟು, ಒಂದೇ ಒಂದು ಬದಲಾವಣೆ ಒಪ್ಪಿಕೊಂಡು, ಹದಿನೈದು ದಿನಕ್ಕೆ ಮತ್ತೆ ಹೋಗಿ ಅದನ್ನೇ ಎಣಿಸಿದರೆ ಅದು ಕೋಚಿಂಗ್. ಉಳಿದದ್ದು ತಪಾಸಣೆ.

ತರಬೇತಿ ಹಾಲ್‌ನಿಂದ ಜಮಖಾನದವರೆಗೆ

ತರಬೇತಿಗಳಿಗೇನೂ ಕೊರತೆ ಇಲ್ಲ. 2022ರಲ್ಲಿ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂತು, 2023ರಲ್ಲಿ ಕಾರ್ಯಕರ್ತೆಯರ ತರಬೇತಿಯ 'ಪೋಷಣ್ ಭಿ ಪಢಾಯಿ ಭಿ' ಶುರುವಾಯಿತು, 2024ರಲ್ಲಿ ಮೂರು ವರ್ಷದೊಳಗಿನವರಿಗೆ 'ನವಚೇತನ', ಮೂರರಿಂದ ಆರರವರಿಗೆ 'ಆಧಾರಶಿಲಾ' ಎಂಬ ಪಠ್ಯಕ್ರಮಗಳು ಬಂದವು. ನಮ್ಮ ರಾಜ್ಯದ ಶಾಲಾಪೂರ್ವ ಪಠ್ಯ 'ಚಿಲಿಪಿಲಿ' ಅದಕ್ಕೂ ಹಳೆಯದು. ಇವುಗಳಲ್ಲಿರುವ ಚಟುವಟಿಕೆಗಳು ಬಹುಪಾಲು ಚೆನ್ನಾಗಿಯೇ ಇವೆ. ತೊಡಕಿರುವುದು ದಾರಿಯಲ್ಲಿ. ಮೇಲಿನವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ, ಅವರು ಕಾರ್ಯಕರ್ತೆಯರಿಗೆ ಹೇಳುತ್ತಾ ಬರುವಷ್ಟರಲ್ಲಿ ಮಾಡಿ ನೋಡುವ ಭಾಗ ಉದುರಿಹೋಗುತ್ತದೆ, ಸ್ಲೈಡ್ ಓದುವ ಭಾಗ ಉಳಿಯುತ್ತದೆ. ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ಹೇಳಿದ್ದರು: ಕೇಳಿದ್ದು, ನೋಡಿದ್ದು, ತರಬೇತಿ ಕೋಣೆಯಲ್ಲಿ ಒಮ್ಮೆ ಮಾಡಿದ್ದು ಇವೆಲ್ಲ ತರಗತಿಯವರೆಗೆ ತಲುಪುವುದು ಕಡಿಮೆ; ತರಗತಿಯಲ್ಲೇ ಪಕ್ಕಕ್ಕೆ ಒಬ್ಬರು ನಿಂತಾಗ ತಲುಪುತ್ತದೆ. (ಅವರ ಹೆಸರಿನಲ್ಲಿ ಓಡಾಡುವ ಶೇಕಡಾವಾರು ಅಂಕಿಗಳನ್ನು ತುಸು ಅನುಮಾನದಿಂದಲೇ ನೋಡಿ, ಮಾತಿನ ತಿರುಳಿಗೆ ಅದರಿಂದ ಧಕ್ಕೆಯಿಲ್ಲ.)

ಪಕ್ಕಕ್ಕೆ ನಿಲ್ಲುವವರು ಯಾರು? ನಮ್ಮ ವ್ಯವಸ್ಥೆಯಲ್ಲಿ ಮೇಲ್ವಿಚಾರಕಿ ಬಿಟ್ಟರೆ ಬೇರೆ ಯಾರೂ ಇಲ್ಲ. ಒಬ್ಬ ಮೇಲ್ವಿಚಾರಕಿಯ ವ್ಯಾಪ್ತಿಯಾದ ಒಂದು ವೃತ್ತದಲ್ಲಿ ಸುಮಾರು 20ರಿಂದ 25 ಕೇಂದ್ರಗಳು. ಸಭೆ, ವರದಿ, ಸಮೀಕ್ಷೆ, ಯಾವುದೋ ಅಭಿಯಾನ ಎಲ್ಲ ಕಳೆದು ತಿಂಗಳಿಗೆ ಹನ್ನೆರಡು ದಿನ ಓಡಾಟಕ್ಕೆ ಸಿಕ್ಕರೆ ಪುಣ್ಯ. 25 ಕೇಂದ್ರಕ್ಕೂ ಸಮನಾಗಿ ಹಂಚಿದರೆ ದಿನಕ್ಕೆ ಎರಡು ಕೇಂದ್ರ, ಸಿಕ್ಕ ಹೊತ್ತಿನಲ್ಲಿ ಅರ್ಧ ರಿಜಿಸ್ಟರಿಗೆ. ಸಮನಾಗಿ ಹಂಚುವುದನ್ನು ಬಿಡಬೇಕು.

ಹೀಗೆ ಹಂಚಿ ನೋಡಿ. ಆರು ಕೇಂದ್ರಗಳನ್ನು ಆರಿಸಿ. ಮೂರು ತಿಂಗಳು ಆ ಆರಕ್ಕೆ ಮಾತ್ರ ಹದಿನೈದು ದಿನಕ್ಕೊಮ್ಮೆ ಬೆಳಗಿನ ಭೇಟಿ. ತಿಂಗಳಿಗೆ ಹನ್ನೆರಡು ಬೆಳಗು ಅಲ್ಲಿಗೆ ಮುಗಿಯಿತು. ಉಳಿದ 19 ಕೇಂದ್ರಗಳಿಗೆ ಅದೇ ದಿನಗಳ ಮಧ್ಯಾಹ್ನ, ಎರಡೂಕಾಲರಿಂದ ನಾಲ್ಕರವರೆಗೆ, ದಾಖಲೆ ಮತ್ತು ದಾಸ್ತಾನು ನೋಡುವ ಮಾಮೂಲಿ ಭೇಟಿ. ಒಂದೇ ಊರಲ್ಲಿ ಎರಡಿದ್ದರೆ ಎರಡೂ. ಮೂರು ತಿಂಗಳಿಗೆ ಒಂದು ಕೇಂದ್ರಕ್ಕೆ ಆರು ಸಲ ಹೋದಂತಾಗುತ್ತದೆ, ವರ್ಷಕ್ಕೆ 24 ಕೇಂದ್ರ ಮುಗಿಯುತ್ತವೆ. ಲೆಕ್ಕ ಕಾಗದದ ಮೇಲೆ ಹೊಂದಿದಷ್ಟು ನೆಲದ ಮೇಲೆ ಹೊಂದುವುದಿಲ್ಲ, ಒಪ್ಪೋಣ. ಚುನಾವಣೆ ಬಂದರೆ ಎರಡು ತಿಂಗಳು ಹೋಯಿತು. ಆದರೂ ಆರು ಕೇಂದ್ರಗಳಲ್ಲಿ ನಿಜವಾಗಿ ಏನಾದರೂ ಬದಲಾದರೆ 25ರಲ್ಲಿ ಸಹಿ ಮಾಡಿ ಬಂದದ್ದಕ್ಕಿಂತ ಮೇಲು.

ಮೊದಲ ಆರನ್ನು ಆರಿಸುವಾಗ ಎಲ್ಲ "ವೀಕ್" ಕೇಂದ್ರಗಳನ್ನೇ ತೆಗೆದುಕೊಂಡರೆ ಕೆಲಸ ಅಲ್ಲಿಗೇ ಕೆಟ್ಟಿತು. "ಮೇಡಂ ಪದೇಪದೇ ಬರ್ತಾರೆ ಅಂದ್ರೆ ಆ ಟೀಚರ್ ಮೇಲೆ ಏನೋ ಕಂಪ್ಲೇಂಟ್ ಇರ್ಬೇಕು" ಎಂದು ವೃತ್ತ ಸಭೆಯಲ್ಲಿ ಗುಸುಗುಸು ಶುರುವಾಗುತ್ತದೆ. ಒಳ್ಳೆಯ ಹೆಸರಿರುವ ಇಬ್ಬರು, ನಡುವಿನ ಮೂವರು, ಕಷ್ಟಪಡುತ್ತಿರುವ ಒಬ್ಬರು. ಈ ಮಿಶ್ರಣ ಇದ್ದರೆ ಭೇಟಿಗೆ ಶಿಕ್ಷೆಯ ವಾಸನೆ ಬರುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಗೌರವಧನದ ಹಾಜರಿಗೆ ಸಹಿ ಹಾಕುವವರೂ, ನೋಟಿಸ್ ಕೊಡಿಸಬಲ್ಲವರೂ ಮೇಲ್ವಿಚಾರಕಿಯೇ. ಅವರ ಮುಂದೆ ತನಗೆ ಬಾರದ್ದನ್ನು ತೋರಿಸುವ ಧೈರ್ಯ ಯಾರಿಗಿದ್ದೀತು? ಇದನ್ನು ಪೂರ್ತಿ ಬಗೆಹರಿಸಲಾಗದು, ತಗ್ಗಿಸಬಹುದು. ಕೋಚಿಂಗ್ ಬೆಳಗಿನಲ್ಲಿ ರಿಜಿಸ್ಟರ್ ಮುಟ್ಟಬಾರದು. ದಾಸ್ತಾನು ನೋಡಬೇಕಿದ್ದರೆ ಬೇರೆ ದಿನ ಬರಬೇಕು. ಎಣಿಕೆಯ ಹಾಳೆ ಭೇಟಿ ಪುಸ್ತಕದಲ್ಲಿರಬಾರದು, 100 ಪುಟದ ಬೇರೊಂದು ನೋಟ್‌ಬುಕ್ಕಿನಲ್ಲಿ ಇರಬೇಕು, ಅದು ಟೀಚರ್ ಬಳಿಯೇ ಉಳಿಯಬೇಕು. ಅದರ ಫೋಟೊ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯ ವಾಟ್ಸಾಪ್ ಗುಂಪಿಗೆ ಹೋಗಬಾರದು. ಒಂದೇ ಒಂದು ಸಲ ಹೋದರೂ ಸಾಕು, ಮುಂದಿನ ಭೇಟಿಯಲ್ಲಿ ನಿಮಗೆ ಕಾಣುವುದು ತಯಾರಿ ಮಾಡಿದ ಪ್ರದರ್ಶನ.

ಮೊದಲು ಹೊತ್ತಿನ ಲೆಕ್ಕ

ಮೊದಲ ಭೇಟಿಯಲ್ಲಿ ಕಲಿಸುವ ರೀತಿಯ ಬಗ್ಗೆ ಏನೂ ಹೇಳಬೇಡಿ. ಹೊತ್ತು ಎಲ್ಲಿ ಹೋಗುತ್ತಿದೆ ಎಂಬುದನ್ನಷ್ಟೇ ನೋಡಿ. ಒಂದು ಹಾಳೆಯಲ್ಲಿ ಹತ್ತು ಗಂಟೆಯಿಂದ ಹನ್ನೆರಡೂವರೆಯವರೆಗೆ ಐದೈದು ನಿಮಿಷಕ್ಕೆ ಒಂದು ಗೆರೆ ಹಾಕಿ. ಮೂವತ್ತು ಮನೆ ಆಗುತ್ತವೆ. ಪ್ರತಿ ಐದು ನಿಮಿಷಕ್ಕೊಮ್ಮೆ ತಲೆ ಎತ್ತಿ, ಆ ಕ್ಷಣದಲ್ಲಿ ಹೆಚ್ಚು ಮಕ್ಕಳು ಏನು ಮಾಡುತ್ತಿದ್ದಾರೋ ಅದನ್ನು ಒಂದೇ ಅಕ್ಷರದಲ್ಲಿ ಬರೆಯಿರಿ: ಹಾಡಿಗೆ 'ಹಾ', ಕಥೆ–ಮಾತಿಗೆ 'ಮಾ', ಕೈಯಲ್ಲಿ ಸಾಮಾನು ಹಿಡಿದು ಆಡುವುದಕ್ಕೆ 'ಆ', ಸ್ಲೇಟು–ಬರವಣಿಗೆಗೆ 'ಬ', ಹಾಲು–ಊಟ–ಕೈತೊಳೆಯುವುದಕ್ಕೆ 'ಊ', ಕಾಯುವುದಕ್ಕೆ 'ಕಾ'.

'ಕಾ' ಎಷ್ಟು ಸಲ ಬಂತು ಎಣಿಸಿ. ಹಾಲು ಕಾಯಲಿ ಎಂದು, ಎಲ್ಲರ ಕೈ ತೊಳೆದು ಮುಗಿಯಲಿ ಎಂದು, ಟೀಚರ್ ಮೊಬೈಲಿನಲ್ಲಿ ಎಂಟ್ರಿ ಮುಗಿಸಲಿ ಎಂದು, ಹನ್ನೆರಡಕ್ಕೆ ಮಾತೃಪೂರ್ಣ ಯೋಜನೆಯ ಊಟಕ್ಕೆ ಬಂದ ಗರ್ಭಿಣಿಯರಿಗೆ ಬಡಿಸಿ ಆಗಲಿ ಎಂದು ಮಕ್ಕಳು ಗೋಡೆಗೊರಗಿ ಕೈಕಟ್ಟಿ ಕೂತಿರುತ್ತಾರೆ. ಹೊರಗಿನಿಂದ ನೋಡಿದರೆ ಶಿಸ್ತಿನ ಕೇಂದ್ರ. ಮೂವತ್ತರಲ್ಲಿ ಹತ್ತು ಮನೆ 'ಕಾ' ಆಗಿದ್ದರೆ ಐವತ್ತು ನಿಮಿಷ ಹೋಯಿತು. ಅಂಥ ಕಡೆ ಪ್ರಶ್ನೆ ಕೇಳುವ ಕಲೆ ಹೇಳಿಕೊಡುವುದು ವ್ಯರ್ಥ, ಮೊದಲು ಆ ಐವತ್ತು ನಿಮಿಷ ವಾಪಸ್ ಬರಬೇಕು.

ವಾಪಸ್ ತರುವುದು ಕಷ್ಟವೂ ಅಲ್ಲ. ಎಲ್ಲರನ್ನೂ ಒಟ್ಟಿಗೆ ಕೈತೊಳೆಯಲು ಸಾಲು ನಿಲ್ಲಿಸುವ ಬದಲು ನಾಲ್ಕು ನಾಲ್ಕು ಮಕ್ಕಳನ್ನು ಸಹಾಯಕಿ ಕರೆದೊಯ್ಯುವುದು, ಉಳಿದವರು ಆಟ ಮುಂದುವರಿಸುವುದು. ಎಂಟ್ರಿಯನ್ನು ಮಕ್ಕಳು ಮಲಗಿದ ಮೇಲಕ್ಕೆ ತಳ್ಳುವುದು. ಬೆಳಿಗ್ಗೆಯೇ ಆಗಬೇಕಾದ ಹಾಜರಿಯಷ್ಟನ್ನು ಮಕ್ಕಳು ಬರುತ್ತಾ ಇರುವಾಗಲೇ ಮುಗಿಸುವುದು. ಬಂದ ಮಗು ನೇರವಾಗಿ ಹೋಗಿ ಕೂರಲು ಎರಡು ಮೂಲೆ ಸಿದ್ಧವಿರಬೇಕು: ಒಂದರಲ್ಲಿ ಬ್ಲಾಕುಗಳು, ಇನ್ನೊಂದರಲ್ಲಿ ಅಡುಗೆ ಆಟದ ಸಾಮಾನು. ಎಲ್ಲರೂ ಬರಲಿ ಎಂದು ಕಾಯುವ ಪ್ರಮೇಯವೇ ಬರುವುದಿಲ್ಲ.

ಇಲ್ಲಿ ಬೀರುವಿನ ವಿಷಯ ಹೇಳಲೇಬೇಕು. ಎಷ್ಟೋ ಕೇಂದ್ರಗಳಲ್ಲಿ ಆಟದ ಕಿಟ್ ಹೊಸದಾಗಿಯೇ ಇರುತ್ತದೆ, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರುವುದಿಲ್ಲ. ಟೀಚರಿಗೆ ಆಸಕ್ತಿ ಇಲ್ಲ ಎಂದು ತೀರ್ಮಾನಿಸುವ ಮೊದಲು ದಾಸ್ತಾನು ಪುಸ್ತಕ ನೆನಪಿಸಿಕೊಳ್ಳಿ. ಮುರಿದ ಗೊಂಬೆಗೆ, ಕಳೆದ ಮಣಿಗೆ ಉತ್ತರ ಕೊಡಬೇಕಾದವರು ಅವರು. ಕಿಟ್ ಬೀಗದೊಳಗಿದ್ದರೆ ಅವರಿಗೆ ಕ್ಷೇಮ. ಇದನ್ನು ಬಿಡಿಸುವ ಕೀಲಿ ಮೇಲ್ವಿಚಾರಕಿಯ ಕೈಯಲ್ಲೇ ಇದೆ: ಒಡೆದದ್ದನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿಡಲಿ, ಮೂರು ತಿಂಗಳಿಗೊಮ್ಮೆ ಅದನ್ನು ನೋಡಿ "ಬಳಕೆಯಲ್ಲಿ ಹಾಳಾಗಿದೆ" ಎಂದು ನೀವೇ ಸಹಿ ಮಾಡಿ. ಡಬ್ಬಿ ತುಂಬಿದ್ದರೆ ಮಕ್ಕಳು ಆಡಿದ್ದಾರೆ ಎಂದರ್ಥ. ಖಾಲಿ ಇದ್ದರೆ ಕೇಳಬೇಕಾದ ಪ್ರಶ್ನೆ ಬೇರೆ.

ಹತ್ತು ನಿಮಿಷದ ಕಥೆ, ಹತ್ತಿರದಿಂದ

ಎರಡನೇ ಭೇಟಿಯಿಂದ ಒಂದು ಚಟುವಟಿಕೆಯನ್ನು ಹತ್ತಿರದಿಂದ ನೋಡಿ. ಕಥೆ ಅಥವಾ ಚಿತ್ರ ನೋಡಿ ಮಾತಾಡುವುದರಿಂದ ಶುರು ಮಾಡುವುದು ಒಳ್ಳೆಯದು. ಎಲ್ಲ ಕೇಂದ್ರಗಳಲ್ಲೂ ನಡೆಯುತ್ತದೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಎಣಿಸಲು ಸುಲಭ.

ಕುರ್ಚಿ ಹಾಕಿಸಿಕೊಳ್ಳಬೇಡಿ. ಮಕ್ಕಳ ಹಿಂದೆ, ಗೋಡೆ ಪಕ್ಕ, ನೆಲದ ಮೇಲೆ. "ಎಲ್ರೂ ಎದ್ದು ಮೇಡಂಗೆ ನಮಸ್ತೆ ಹೇಳ್ರೋ" ಎಂಬುದನ್ನು ಮೊದಲ ದಿನವೇ ನಯವಾಗಿ ಬೇಡ ಅನ್ನಿ. ಮೊದಲ ಹತ್ತು ನಿಮಿಷ ಪೆನ್ನು ತೆಗೆಯಬೇಡಿ, ಮಕ್ಕಳು ನಿಮ್ಮನ್ನು ಮರೆಯಲಿ. ಫೋಟೊ ಬೇಡವೇ ಬೇಡ. ಮೊಬೈಲು ಮೇಲೆತ್ತಿದ ತಕ್ಷಣ ಇಡೀ ಕೋಣೆ ಪೋಸು ಕೊಡುತ್ತದೆ, ಟೀಚರ್ ಸಹಿತ.

ಹಾಳೆಯ ಎಡಗಡೆ ಮಕ್ಕಳ ಹೆಸರು ಬರೆದುಕೊಳ್ಳಿ. ಯಾವ ಮಗು ಒಂಟಿಯಾಗಿ ಬಾಯಿಬಿಟ್ಟಿತೋ ಅದರ ಮುಂದೆ ಒಂದು ಗೀಟು. ಎಲ್ಲರೂ ಒಟ್ಟಿಗೆ ಕೂಗಿದ್ದಕ್ಕೆ ಗೀಟಿಲ್ಲ. ಬಲಗಡೆ ಟೀಚರ್ ಕೇಳಿದ ಪ್ರಶ್ನೆಗಳನ್ನು ಅವರು ಹೇಳಿದ ಹಾಗೆಯೇ ಬರೆಯಿರಿ. "ಪ್ರಶ್ನೆಗಳು ಸಾಧಾರಣವಾಗಿದ್ದವು" ಎಂದು ಬರೆದರೆ ಅದು ನಿಮ್ಮ ಅಭಿಪ್ರಾಯ, ಜಗಳಕ್ಕೆ ದಾರಿ. "ಇದೇನು? — ಬಾಳೆಹಣ್ಣು" ಎಂದು ಬರೆದರೆ ಅದು ನಡೆದದ್ದು.

ಸಂತೆಯ ಚಿತ್ರ ಇದೆ ಅಂದುಕೊಳ್ಳಿ. ಸಾಮಾನ್ಯವಾಗಿ ನಡೆಯುವುದು ಹೀಗೆ: "ಇದೇನು?" "ಬಾಳೆಹಣ್ಣೂ!" "ಇದು?" "ಟೊಮ್ಯಾಟೋ!" "ಯಾವ ಬಣ್ಣ?" "ಕೆಂಪೂ!" ಕೋಣೆ ಗದ್ದಲದಿಂದ ತುಂಬಿರುತ್ತದೆ, ಟೀಚರಿಗೂ ಎಲ್ಲರೂ ಭಾಗವಹಿಸಿದರು ಅನ್ನಿಸುತ್ತದೆ. ಗೀಟು ಎಣಿಸಿದರೆ ಕಥೆ ಬೇರೆ: ಕೂಗಿನ ಮುಂದಾಳುಗಳು ಮೂವರು, ಉಳಿದವರು ಅವರ ಬಾಯಿ ನೋಡಿ ಅರ್ಧ ಕ್ಷಣ ತಡವಾಗಿ ಕೂಗಿದವರು, ಹಿಂದಿನ ಸಾಲಿನವರು ತುಟಿ ಆಡಿಸಿದವರು. ಅದೇ ಚಿತ್ರಕ್ಕೆ "ಈ ಅಜ್ಜಿ ತಕ್ಕಡಿ ಎತ್ತಿ ಹಿಡ್ಕೊಂಡು ಏನು ನೋಡ್ತಿದ್ದಾಳೆ?", "ಈ ಹುಡುಗ ಯಾಕೆ ಅಳ್ತಿರಬಹುದು?", "ನಿಮ್ಮಮ್ಮ ಸಂತೆಯಿಂದ ಬರುವಾಗ ನಿಂಗೇನು ತರ್ತಾರೆ?" ಎಂದು ಕೇಳಿದರೆ ಒಟ್ಟಿಗೆ ಕೂಗಲು ಒಂದೇ ಉತ್ತರ ಇರುವುದಿಲ್ಲ.

ಪ್ರಶ್ನೆ ಬದಲಾದರೂ ಸಾಲದು, ಕಾಯಬೇಕು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಶಾಲಾ ತರಗತಿಗಳಲ್ಲಿ ಅಳೆದು ನೋಡಿದ್ದರು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಮೂರು ಸೆಕೆಂಡು ಕೇಳಲು ಚಿಕ್ಕದು, ಜಮಖಾನದ ಮೇಲೆ ಅದು ಬಹಳ ಉದ್ದ. ಮೌನವಾದರೆ ಮಕ್ಕಳಿಗೆ ಬರುವುದಿಲ್ಲ ಎಂದು ಮೇಡಂ ಅಂದುಕೊಳ್ಳುತ್ತಾರೇನೋ ಎಂಬ ಅಂಜಿಕೆಗೆ ಟೀಚರೇ ಉತ್ತರ ಹೇಳಿಬಿಡುತ್ತಾರೆ. ಆದ್ದರಿಂದ ನೀವು ನೋಡುತ್ತಿರುವುದು ಮಕ್ಕಳಿಗೆ ಎಷ್ಟು ಬರುತ್ತದೆ ಎಂಬುದನ್ನಲ್ಲ ಎಂದು ಮೊದಲೇ ಹೇಳಿರಬೇಕು.

ಟೀಚರ್ ಮುಗಿಸಿದ ಮೇಲೆ ನೀವು ಮಾಡಿ ತೋರಿಸಿ. ಇದು ಬಹಳ ಮೇಲ್ವಿಚಾರಕಿಯರು ತಪ್ಪಿಸಿಕೊಳ್ಳುವ ಭಾಗ, ಕಾರಣ ಸರಳ: ತಮಗೂ ಅಭ್ಯಾಸ ತಪ್ಪಿರುತ್ತದೆ. ಇಪ್ಪತ್ತು ಮಕ್ಕಳ ಮುಂದೆ ನಾಟಕ ಬೇಡ. ಐದು ಮಕ್ಕಳು, ಅದೇ ಚಿತ್ರ, ಏಳೆಂಟು ನಿಮಿಷ. ಟೀಚರ್ ಕೈಗೆ ಅದೇ ಹಾಳೆ ಕೊಟ್ಟು ನಿಮ್ಮ ಪ್ರಶ್ನೆಗಳನ್ನು ಅವರು ಬರೆಯಲಿ, ಗೀಟು ಅವರು ಹಾಕಲಿ. ನಿಮ್ಮದೂ ಎಡವಟ್ಟಾಗಲಿ, ಚಿಂತೆಯಿಲ್ಲ. ಎಣಿಸುವ ಕೈ ಬದಲಾದದ್ದೇ ಮುಖ್ಯ. ನಂತರ ಕೂಡಲೇ ಇನ್ನೈದು ಮಕ್ಕಳೊಂದಿಗೆ ಟೀಚರ್ ಮಾಡಲಿ. ತೋರಿಸಿ ಎದ್ದುಹೋದರೆ ಅದು ಮೇಡಂ ಅವರ ಪ್ರತಿಭೆಯಾಗಿ ಉಳಿಯುತ್ತದೆ.

ಮಾತುಕತೆಗೆ ಹೊತ್ತು ಆರಿಸುವುದರಲ್ಲಿ ಜಾಣತನ ಬೇಕು. ಹನ್ನೆರಡರಿಂದ ಒಂದೂವರೆಯವರೆಗೆ ಬಡಿಸುವ ಗಡಿಬಿಡಿ. ಆಗ ಆಡಿದ ಮಾತು ಸಾಂಬಾರಿನ ಸೌಟಿನ ಜೊತೆ ಹೋಗುತ್ತದೆ. ಮಕ್ಕಳು ಮಲಗಿದ ಮೇಲೆ ಇಪ್ಪತ್ತು ನಿಮಿಷ, ಇಬ್ಬರೂ ನೆಲದ ಮೇಲೆ, ನಡುವೆ ಹಾಳೆ. ತಾಯಂದಿರಾಗಲಿ ಬಾಲವಿಕಾಸ ಸಮಿತಿಯವರಾಗಲಿ ಇರುವಾಗ ಬೇಡ. ಕಾರ್ಯಕರ್ತೆಗೆ ಇಪ್ಪತ್ತೈದು ವರ್ಷದ ಅನುಭವ, ಮೇಲ್ವಿಚಾರಕಿಗೆ ಇಪ್ಪತ್ತೇಳು ವಯಸ್ಸು ಇರುವುದು ಅಪರೂಪವೇನಲ್ಲ. ಹೊಗಳಿಕೆಯಿಂದ ಶುರು ಮಾಡಿ ಬೈಗುಳಕ್ಕೆ ಇಳಿಯುವ ಹಳೇ ಪಟ್ಟನ್ನು ಅಂಥವರು ದೂರದಿಂದಲೇ ಗುರುತಿಸುತ್ತಾರೆ. ಮಗುವಿನಿಂದ ಶುರು ಮಾಡಿ.

"ಟೀಚರ್, ಇವತ್ತು ಕಥೆ ಹೊತ್ತಲ್ಲಿ ಯಾರ್ಯಾರು ಮಾತಾಡಿದ್ರು, ನೆನಪಿದೆಯಾ?"

"ಎಲ್ರೂ ಮಾತಾಡಿದ್ರಲ್ಲ ಮೇಡಂ."

ಹಾಳೆಯನ್ನು ಅವರ ಕಡೆ ತಿರುಗಿಸಿ, ಸುಮ್ಮನಿರಿ. ಮಕ್ಕಳಿಗೆ ಹೇಳಿದ ಮೂರು ಸೆಕೆಂಡು ಇಲ್ಲಿಗೂ ಅನ್ವಯ, ಇಲ್ಲಿ ಹತ್ತಾದರೂ ಆಗಲಿ. ಹದಿನಾರು ಹೆಸರು, ಐದರ ಮುಂದೆ ಗೀಟು.

"ಅಯ್ಯೋ, ಈ ಹಿಂದೆ ಕೂತಿರೋರು ಬಾಯೇ ಬಿಟ್ಟಿಲ್ಲ."

"ಅವರಲ್ಲಿ ಒಬ್ರನ್ನ ಮಾತಾಡಿಸ್ಬೇಕು ಅಂದ್ರೆ ನಾಳೆ ಏನು ಮಾಡ್ಬಹುದು?"

ಅವರು ಹೇಳುವುದು ನಿಮ್ಮ ಮನಸ್ಸಿನಲ್ಲಿದ್ದ ಉತ್ತರ ಆಗದಿರಬಹುದು. "ಮುಂದೆ ಕೂರಿಸ್ಕೋತೀನಿ" ಅಂದರೆ ಅದನ್ನೇ ಒಪ್ಪಿಕೊಳ್ಳಿ. ಅವರೇ ಹೇಳಿದ್ದು ನಾಳೆ ನಡೆಯುತ್ತದೆ, ನೀವು ಹೇಳಿದ್ದು ನೋಟ್‌ಬುಕ್ಕಿನಲ್ಲಿ ಉಳಿಯುತ್ತದೆ. ಕೊನೆಗೆ ಒಂದೇ ಸಾಲು ಬರೆಯಿರಿ, ಅವರ ಕೈಬರಹದಲ್ಲಿ: "ದಿನಾ ಕಥೆಯಲ್ಲಿ ಹಿಂದಿನ ಸಾಲಿನ ಮೂವರನ್ನು ಮುಂದೆ ಕೂರಿಸಿಕೊಂಡು ಹೆಸರು ಹಿಡಿದು ಕೇಳುತ್ತೇನೆ." ಈ ಮಾತಿಗೆ ಪರೀಕ್ಷೆ ಏನೆಂದರೆ, ಹದಿನೈದು ದಿನ ಬಿಟ್ಟು ಹೋದಾಗ ಹೌದು–ಇಲ್ಲ ಎಂದು ಎಣಿಸಲು ಸಾಧ್ಯವಾಗಬೇಕು. "ಮಕ್ಕಳ ಭಾಷಾ ಬೆಳವಣಿಗೆಗೆ ಒತ್ತು ಕೊಡುತ್ತೇನೆ" ಎಂಬುದನ್ನು ಎಣಿಸಲಾಗದು.

ನಡುವೆ ಒಂದು ಫೋನ್, ನಾಲ್ಕು ಗಂಟೆಯ ನಂತರ, ಐದು ನಿಮಿಷ. "ಹೇಗೆ ನಡೀತಿದೆ?" ಎಂದು ಕೇಳಿದರೆ "ಚೆನ್ನಾಗಿ ನಡೀತಿದೆ ಮೇಡಂ" ಎಂಬ ಉತ್ತರ ತಯಾರಾಗಿರುತ್ತದೆ. "ಹಿಂದಿನ ಸಾಲಿನವರಲ್ಲಿ ಯಾರು ಮಾತಾಡಿದ್ರು, ಏನಂದ್ರು?" ಎಂದು ಕೇಳಿ.

ಮೇಲಿಂದ ಮೇಲೆ ಸಿಗುವ ತೊಡಕುಗಳು

ಮಗು ಮಾತಾಡದಿರಲು ಭಾಷೆಯೂ ಕಾರಣವಿರಬಹುದು. ತಾಂಡಾದ ಮಗುವಿಗೆ ಲಂಬಾಣಿ, ಕೋಲಾರದ ಕಡೆ ತೆಲುಗು, ಕಲಬುರಗಿ–ಬೀದರಿನಲ್ಲಿ ಉರ್ದು, ಬೆಳಗಾವಿಯಲ್ಲಿ ಮರಾಠಿ, ಕರಾವಳಿಯಲ್ಲಿ ತುಳು ಅಥವಾ ಬ್ಯಾರಿ. ಮೂರು ವರ್ಷಕ್ಕೆ ಕನ್ನಡದ ಕೋಣೆಯಲ್ಲಿ ಕೂತ ಮಗು ಮೊದಲ ಕೆಲವು ತಿಂಗಳು ಬರೀ ಕೇಳಿಸಿಕೊಳ್ಳುತ್ತದೆ. ಇಂಥ ಕೇಂದ್ರದಲ್ಲಿ ಕೋಚಿಂಗ್ ಗುರಿ ಹೀಗಿರಲಿ: ತಾಯಂದಿರಿಂದ ಇಪ್ಪತ್ತು ಮನೆಮಾತಿನ ಪದ (ನೀರು, ಹಸಿವು, ನೋವು, ಅಮ್ಮ, ಬೇಕು, ಬೇಡ, ಹೊರಗೆ ಹೋಗಬೇಕು ಇತ್ಯಾದಿ) ಕೇಳಿ ಗೋಡೆಗೆ ಅಂಟಿಸುವುದು, ಮಗು ತನ್ನ ಭಾಷೆಯಲ್ಲಿ ಕೊಟ್ಟ ಉತ್ತರವನ್ನು ಉತ್ತರವೆಂದೇ ಎಣಿಸುವುದು, ಗೀಟು ಹಾಕುವುದು. ಸಹಾಯಕಿ ಅದೇ ಊರಿನವರಾದ್ದರಿಂದ ಆ ಮಾತು ಅವರಿಗೆ ಗೊತ್ತಿರುತ್ತದೆ, ಕಥೆಯ ಹೊತ್ತಿಗೆ ಅವರನ್ನು ಅಡುಗೆ ಕೋಣೆಯಿಂದ ಹತ್ತು ನಿಮಿಷ ಬಿಡಿಸಿ ಕೂರಿಸಿ. ಸಹಾಯಕಿಯನ್ನು ಕೋಚಿಂಗ್‌ನಿಂದ ಹೊರಗಿಡುವುದು ದೊಡ್ಡ ನಷ್ಟ. ಕೈ ತೊಳೆಸುವಾಗ, ತಟ್ಟೆ ಹಾಕುವಾಗ ಒಂದೊಂದು ಮಗುವಿನ ಜೊತೆ ಒಂಟಿಯಾಗಿ ಮಾತಾಡುವ ಅವಕಾಶ ಟೀಚರಿಗಿಂತ ಅವರಿಗೇ ಹೆಚ್ಚು.

ಮೂರರಿಂದ ಆರರವರೆಗಿನವರು ಒಂದೇ ಕೋಣೆಯಲ್ಲಿರುವುದು ಎರಡನೆಯ ತೊಡಕು. ಮೂರು ಪಾಠ ಮಾಡಿ ಎಂದರೆ ಯಾರಿಗೂ ಆಗದು. ಒಂದೇ ಸಾಮಾನು, ಮೂರು ಕೆಲಸ ಎಂದು ಹೇಳಿ. ಬಾಟಲಿ ಮುಚ್ಚಳಗಳ ಒಂದು ಬುಟ್ಟಿ: ಚಿಕ್ಕವರು ಬಣ್ಣವಾರು ಬೇರೆ ಮಾಡಲಿ, ನಡುವಿನವರು ಕೆಂಪು–ನೀಲಿ–ಕೆಂಪು ಎಂದು ಸಾಲು ಜೋಡಿಸಲಿ, ದೊಡ್ಡವರು ಎಂಟು ಮುಚ್ಚಳವನ್ನು ಎರಡು ತಟ್ಟೆಗೆ ಎಷ್ಟು ರೀತಿಯಲ್ಲಿ ಹಂಚಬಹುದು ನೋಡಲಿ. ಹುಣಸೆ ಬೀಜ ದೊಡ್ಡವರಿಗೆ ಮಾತ್ರ. ಮೂರು ವರ್ಷದವರ ಕೈಗೆ ಕೊಟ್ಟರೆ ಮೂಗಿಗೋ ಕಿವಿಗೋ ಹೋಗುತ್ತದೆ.

ಇನ್ನು ಸ್ಲೇಟು. ಕಾನ್ವೆಂಟಿನ ಎಲ್‌ಕೆಜಿ ಮಗು ಎ ಬಿ ಸಿ ಡಿ ಬರೆಯುತ್ತದೆ, ಇಲ್ಲಿ ಬರೀ ಆಟ ಎಂದು ತಾಯಂದಿರು ದೂರುತ್ತಾರೆ. ಮಕ್ಕಳು ಕೈಬಿಟ್ಟು ಹೋಗುವ ಭಯಕ್ಕೆ ಟೀಚರ್ ಮೂರು ವರ್ಷದವರಿಗೂ ತಿದ್ದಿಸುತ್ತಾರೆ. ಇದಕ್ಕೆ ಟೀಚರನ್ನು ಗದರಿಸುವುದು ಅನ್ಯಾಯ. ಅವರಿಗೆ ಬೇಕಿರುವುದು ತಾಯಂದಿರ ಮುಂದೆ ಹೇಳಲು ಒಂದು ಉತ್ತರ. ತಿಂಗಳ ಇಸಿಸಿಇ (ಆರಂಭಿಕ ಬಾಲ್ಯದ ಆರೈಕೆ ಮತ್ತು ಶಿಕ್ಷಣ) ದಿನದಂದು ತಾಯಂದಿರ ಕೈಗೇ ಜೇಡಿಮಣ್ಣು, ದಾರ–ಮಣಿ, ಹರಿಯಲು ಹಳೇ ಪೇಪರು ಕೊಟ್ಟು, ಮಗುವಿನ ಪಕ್ಕ ಕೂರಿಸಿ ಮಾಡಿಸಲಿ. ಬೆರಳಿಗೆ ಬಲ ಬಾರದೆ ಬಳಪ ಹಿಡಿದರೆ ಮಗು ಇಡೀ ಮುಷ್ಟಿಯಲ್ಲಿ ಹಿಡಿಯುತ್ತದೆ. ಆ ಎರಡು ಹಿಡಿತದ ವ್ಯತ್ಯಾಸವನ್ನು ಅವರದೇ ಮಕ್ಕಳ ಕೈಯಲ್ಲಿ ತೋರಿಸಿದರೆ ಭಾಷಣ ಬೇಕಾಗುವುದಿಲ್ಲ. ಐದು ದಾಟಿದವರಿಗೆ ಅಕ್ಷರ ಪರಿಚಯ ಬೇಡವೆಂದು ಯಾರೂ ಹೇಳುತ್ತಿಲ್ಲ. ಹೆಸರಿನ ಚೀಟಿ ಗುರುತಿಸುವುದರಿಂದ ಶುರುವಾಗಲಿ.

ವೃತ್ತ ಸಭೆಯಲ್ಲಿ ಒಂದು ಗಂಟೆ ಇದಕ್ಕೇ ಮೀಸಲಿಡಿ, ಅದೂ ಸಭೆಯ ಮೊದಲ ಗಂಟೆ. ಕೊನೆಗೆ ಇಟ್ಟರೆ ವರದಿ ಒಪ್ಪಿಸುವುದರಲ್ಲೇ ಹೊತ್ತಾಗಿ, ಬಸ್ಸಿನ ಸಮಯವಾಗಿ, ಕಲಿಯುವ ಭಾಗ ಕೈಬಿಟ್ಟು ಹೋಗುತ್ತದೆ. ಒಂದು ಸಭೆಗೆ ಒಂದೇ ಕೌಶಲ. ಹತ್ತು ನಿಮಿಷ ತೋರಿಸುವುದು, ಆಮೇಲೆ ಮೂವರ ಗುಂಪು: ಒಬ್ಬರು ಟೀಚರ್, ಒಬ್ಬರು ಮಗು, ಒಬ್ಬರು ಹಾಳೆ ಹಿಡಿದು ಎಣಿಸುವವರು. ಎಂಟೆಂಟು ನಿಮಿಷಕ್ಕೆ ಪಾತ್ರ ಬದಲು, ಒಟ್ಟು 24 ನಿಮಿಷ. ಮೊದಲ ಸುತ್ತಿನಲ್ಲಿ ನಗು ತಪ್ಪಿದ್ದಲ್ಲ, ಎರಡನೇ ಸುತ್ತಿಗೆ ನಿಲ್ಲುತ್ತದೆ. ಉಳಿದ ಹೊತ್ತಿನಲ್ಲಿ ನಾಳೆ ಬಳಸುವ ಒಂದು ಸಾಮಾನು ಮಾಡಿಕೊಂಡು ಹೋಗಲಿ. ಖಾಲಿ ಕೈಯಲ್ಲಿ ಹೋದರೆ ಊರು ಮುಟ್ಟುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಕೋಚಿಂಗ್ ಮುಗಿಸಿದ ಆರು ಕೇಂದ್ರದ ಟೀಚರ್‌ಗಳನ್ನು ಮುಂದಿನ ಸುತ್ತಿನಲ್ಲಿ ತೋರಿಸುವವರನ್ನಾಗಿ ಮಾಡಿ, ಆದರೆ ಅವರ ಒಪ್ಪಿಗೆ ಕೇಳಿ. "ಇವರನ್ನು ನೋಡಿ ಕಲಿಯಿರಿ" ಎಂದು ನಿಲ್ಲಿಸಿದರೆ ಅವರಿಗೆ ಗೆಳತಿಯರ ನಡುವೆ ಆಗುವ ಮುಜುಗರ ಸಣ್ಣದಲ್ಲ.

ಮೇಲ್ವಿಚಾರಕಿಯ ಎಣಿಕೆ ಸರಿಯಿದೆಯೇ ಎಂದು ನೋಡುವವರು ಯಾರು? ತಿಂಗಳಿಗೊಮ್ಮೆ ಪಕ್ಕದ ವೃತ್ತದ ಮೇಲ್ವಿಚಾರಕಿಯನ್ನು ಕರೆದುಕೊಂಡು ಹೋಗಿ. ಇಬ್ಬರೂ ಒಂದೇ ಹತ್ತು ನಿಮಿಷವನ್ನು ಬೇರೆ ಬೇರೆ ಹಾಳೆಯಲ್ಲಿ ಎಣಿಸಿ, ಹೊರಗೆ ಬಂದ ಮೇಲೆ ಹೋಲಿಸಿ. ಬಿಚ್ಚುಮಾತಿನ ಪ್ರಶ್ನೆಗಳು, ಅಂದರೆ ಹಲವು ಉತ್ತರ ಸಾಧ್ಯವಿರುವವು, ಒಬ್ಬರಿಗೆ ಎಂಟು, ಇನ್ನೊಬ್ಬರಿಗೆ ಮೂರು ಬಂದರೆ ಸಾಮಾನ್ಯವಾಗಿ ಎಡವಿರುವುದು ಒಂದೇ ಜಾಗದಲ್ಲಿ: ಕಥೆಯಲ್ಲಿ ಮುಂದೇನಾಯಿತೆಂದು ಗೊತ್ತಿದ್ದೂ ಕೇಳುವ "ಆಮೇಲೆ ಏನಾಯ್ತು?" ಎಂಬುದನ್ನು ಒಬ್ಬರು ಬಿಚ್ಚುಮಾತಿನ ಪ್ರಶ್ನೆ ಎಂದು ಎಣಿಸಿರುತ್ತಾರೆ, ಇನ್ನೊಬ್ಬರು ಇಲ್ಲ. ಒಂದೇ ಉತ್ತರ ಇರುವ ಪ್ರಶ್ನೆ ಎಷ್ಟೇ ಉದ್ದವಾಗಿದ್ದರೂ ಎಣಿಸಬೇಡಿ ಎಂದು ಇಬ್ಬರೂ ಒಪ್ಪಿಕೊಂಡು, ಅದನ್ನು ಹಾಳೆಯ ಮೇಲ್ತುದಿಯಲ್ಲಿ ಬರೆದುಕೊಂಡೇ ಮುಂದಿನ ಕೇಂದ್ರಕ್ಕೆ ಹೋಗಿ.